ಟ್ರೇಲರು ಕೊಳ್ಳುವ ಮುನ್ನ: ಒಂದು ಅಚ್ಚೋ, ಎರಡು ಅಚ್ಚೋ?

ಬಯಲುಸೀಮೆಯಲ್ಲಿ ಹಳೆಯ ಟ್ರೇಲರು ಅಗ್ಗಕ್ಕೆ ಸಿಗುತ್ತದಂತೆ, ತರಬಹುದೇ ಎಂದು ನಮ್ಮ ಸದಸ್ಯರು ವಿಚಾರಿಸುವುದುಂಟು. ತರಬಹುದು, ಆದರೆ ಅದು ಯಾವ ನೆಲಕ್ಕೆಂದು ಕಟ್ಟಿದ್ದು ಎಂಬುದನ್ನು ಮೊದಲು ತಿಳಿಯಬೇಕು.

ಬಳ್ಳಾರಿ ನಗರ ದಾಟಿ ಸಿರುಗುಪ್ಪದತ್ತ ಹೊರಟರೆ, ಕುರುಗೋಡಿನ ಕಲ್ಲುಗುಡ್ಡಗಳನ್ನು ಬಿಟ್ಟು ಹೆಚ್ಚಿನದೆಲ್ಲ ಸಮನೆಲ. ೧೯೫೦ರ ದಶಕದಲ್ಲಿ ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಅಲ್ಲಿನ ಎರೆಭೂಮಿಯಲ್ಲಿ ಭತ್ತ ನೆಲೆಯೂರಿತು. ಗದ್ದೆಯಿಂದ ಅಕ್ಕಿ ಗಿರಣಿಗೆ ಮೂಟೆ ಸಾಗಿಸುವುದು ಟ್ರೇಲರಿನ ದೊಡ್ಡ ಕೆಲಸ. ಹಸಿ ಎರೆಮಣ್ಣಿನಲ್ಲಿ ಚಕ್ರ ಹೂತುಕೊಳ್ಳುತ್ತದೆ; ಆದ್ದರಿಂದ ಭಾರವನ್ನು ಎರಡು ಅಚ್ಚುಗಳಿಗೆ, ನಾಲ್ಕು ಚಕ್ರಗಳಿಗೆ ಹಂಚುವುದು ಅಲ್ಲಿಗೆ ಅನುಕೂಲ. ಟ್ರ್ಯಾಕ್ಟರ್ ಬಿಚ್ಚಿದರೂ ಅಂಥ ಟ್ರೇಲರು ತನ್ನಷ್ಟಕ್ಕೆ ನಿಲ್ಲುತ್ತದೆ. ಮೂಟೆ ತುಂಬುವಷ್ಟರಲ್ಲಿ ಟ್ರ್ಯಾಕ್ಟರ್ ಇನ್ನೊಂದು ಕೆಲಸ ಮುಗಿಸಿ ಬರಬಹುದು.

ನಮ್ಮ ತೋಟದ ದಾರಿಯ ಮಾತೇ ಬೇರೆ. ಎರಡು ಅಚ್ಚಿನ ಟ್ರೇಲರಿನ ಭಾರವೆಲ್ಲ ಅದರ ಚಕ್ರಗಳ ಮೇಲೆಯೇ ಇರುವುದರಿಂದ ಟ್ರ್ಯಾಕ್ಟರಿನ ಹಿಂಗಾಲಿಗಳಿಗೆ ಹಿಡಿತ ಹೆಚ್ಚುವುದಿಲ್ಲ. ಸರಕು ಸೇರಿ ೪ ಟನ್ ತೂಗುವ ಟ್ರೇಲರು, ೮ ಅಡಿಗೆ ೧ ಅಡಿ ಇಳಿಯುವ ದಾರಿಯಲ್ಲಿ ಸುಮಾರು ೫೦೦ ಕಿಲೋ ಬಲದಿಂದ ಟ್ರ್ಯಾಕ್ಟರನ್ನು ದೂಡುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಒದ್ದೆ ತಿರುವಿನಲ್ಲಿ ಟ್ರ್ಯಾಕ್ಟರೇ ಅಡ್ಡ ತಿರುಗಿ ಮಗುಚಬಹುದು. ಅದರಡಿ ಸಿಗುವವನು ಚಾಲಕ. ಹಿಮ್ಮುಖ ಓಡಿಸುವುದಂತೂ ಕಷ್ಟ: ಕೊಕ್ಕೆಯಲ್ಲೊಮ್ಮೆ, ಮುಂದಿನ ಅಚ್ಚಿನಲ್ಲೊಮ್ಮೆ, ಎರಡು ಕಡೆ ತಿರುಗುತ್ತದೆ.

ಒಂದು ಅಚ್ಚಿನದು ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿಗೆ ಹೊರಿಸುತ್ತದೆ. ಕೊಕ್ಕೆಯಿಂದ ಅಚ್ಚಿಗೆ ೧೦ ಅಡಿ ಇದ್ದು, ೩ ಟನ್ ಸರಕಿನ ನಡುಭಾರ ಅಚ್ಚಿಗಿಂತ ೧ ಅಡಿ ಮುಂದಿದ್ದರೆ, ಕೊಕ್ಕೆಯ ಮೇಲೆ ೩೦೦ ಕಿಲೋ ಬೀಳುತ್ತದೆ. ಹಿಂಗಾಲಿ ನೆಲ ಕಚ್ಚುತ್ತದೆ. ಕಾಫಿ ಮೂಟೆಗಳನ್ನು ಹಿಂದಕ್ಕೆ ಪೇರಿಸಿ ನಡುಭಾರ ಅಚ್ಚಿನಿಂದ ೧ ಅಡಿ ಹಿಂದೆ ಸರಿದರೆ ಅಷ್ಟೇ ಬಲ ಕೊಕ್ಕೆಯನ್ನು ಮೇಲಕ್ಕೆತ್ತುತ್ತದೆ. ಎತ್ತಿನ ಗಾಡಿ ಹೂಡಿದ ಹಿರಿಯರಿಗೆ ಹಿಂಭಾರ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಸರಿಯಾಗಿ ಹೇರುವುದಾದರೆ ಏರುತಗ್ಗಿನ ತೋಟಕ್ಕೆ ಬ್ರೇಕ್ ಇರುವ ಒಂದು ಅಚ್ಚಿನ ಟ್ರೇಲರೇ ಲೇಸೆಂದು ನನ್ನ ಅಭಿಪ್ರಾಯ.

ಇನ್ನು ಚಾಸಿಯ ಬಾಳಿಕೆ. ಒಂದು ಅಚ್ಚಿನದರಲ್ಲಿ ಬಾಗುವ ಒತ್ತಡ ಹೆಚ್ಚು ಬೀಳುವುದು ಅಚ್ಚಿನ ನೇರಕ್ಕೆ. ಮೂಕಿ ಚಾಸಿಗೆ ಕೂಡುವ ಬುಡದಲ್ಲೂ ಬಿರುಕು ಮೂಡುತ್ತದೆ. ಎರಡು ಅಚ್ಚಿನದು ಅಷ್ಟು ಬಾಗುವುದಿಲ್ಲ, ಆದರೆ ತಿರುಚಿಕೊಳ್ಳುತ್ತದೆ. ಸಮನೆಲದಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿದ್ದ ಚಾಸಿ, ಒಂದು ಚಕ್ರ ಚರಂಡಿಗೆ, ಇನ್ನೊಂದು ದಿಬ್ಬಕ್ಕೆ ಎಂಬಂತಹ ನಮ್ಮ ದಾರಿಯಲ್ಲಿ ಮೂಲೆಯ ಬೆಸುಗೆ ಬಿಡುತ್ತದೆ. ಮೇಲಾಗಿ ಬಳ್ಳಾರಿ ಕಡೆ ಮಳೆ ಕಡಿಮೆ; ಮಲೆನಾಡಿನಲ್ಲಿ ಅನೇಕ ಕಡೆ ವರ್ಷಕ್ಕೆ ೨,೦೦೦ ಮಿ.ಮೀ. ದಾಟುತ್ತದೆ. ಆ ನೀರಿಗೆ ಯೂರಿಯಾ, ಪೊಟ್ಯಾಷ್ ಪುಡಿ ಸೇರಿದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಪ್ರತಿ ಸಲ ಗೊಬ್ಬರ ಇಳಿಸಿದೊಡನೆ ತೊಳೆಯುವುದು ಮೇಲು.

ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗದೆ ಮೂಕಿಯ ಬುಡ, ಸ್ಪ್ರಿಂಗ್ ಪಟ್ಟಿ ಕೂಡುವ ಜಾಗಗಳಲ್ಲಿ ಕೆರೆದು ನೋಡಿ. ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದು ಬಿರುಕೇ ಇರಬಹುದು. ಚಾಸಿಯ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಎರಡೂ ಅಳತೆ ತೆಗೆಯಿರಿ. ವ್ಯತ್ಯಾಸವಿದ್ದರೆ ಚಾಸಿ ಸೊಟ್ಟಗಾಗಿದೆ. ಬಿರುಕು ಬೆಸೆಯಿಸುವುದಾದರೆ ಅದರ ತುದಿಗೆ ಮೊದಲು ಸಣ್ಣ ತೂತು ಕೊರೆಸಿ; ಇಲ್ಲವಾದರೆ ಬೆಸುಗೆಯ ಆಚೆಗೆ ಬಿರುಕು ಮುಂದುವರಿಯುತ್ತದೆ. ತೇಪೆಯ ತಗಡನ್ನು ಚೌಕವಾಗಿ ಇಡದೆ ತುದಿಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಲು ಹೇಳಿ.