ಹವಳದ ತೊಟ್ಟಿಯ ಪಾಚಿ: ನಾಮವಿವೇಕವೂ ನಿವಾರಣೋಪಾಯವೂ

ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಜೀವಂತವಾದ ಹವಳಗಳನ್ನು ಸಾಕುವ ಪದ್ಧತಿಯು ಈಗ ಅನೇಕ ದೇಶಗಳಲ್ಲಿ ರೂಢಿಯಾಗಿದೆ. ಇಂಥ ತೊಟ್ಟಿಗಳಿಗೆ ಒದಗುವ ಬಾಧೆಗಳಲ್ಲಿ ಪಾಚಿಯು ಮುಖ್ಯವಾದುದು. ಹಸುರು ನೂಲಿನಂತೆ ಬೆಳೆದುದನ್ನೂ, ಕಂದು ಧೂಳಿನಂತೆ ಕವಿದುದನ್ನೂ, ಕೆಂಪು ಲೋಳೆಯಾಗಿ ಹಾಸಿದುದನ್ನೂ ನಾವು ಪಾಚಿ, ಹಾವಸೆ ಎಂಬ ಮಾತುಗಳಿಂದಲೇ ಕರೆಯುತ್ತೇವೆ. ಸಂಸ್ಕೃತದ ಶೈವಾಲಶಬ್ದವೂ ಇಷ್ಟೇ ವ್ಯಾಪಕವಾದುದು. ಲೋಕವ್ಯವಹಾರಕ್ಕೆ ಇದು ಸಾಕು. ಆದರೆ ಈ ಒಂದು ಹೆಸರನ್ನು ನಂಬಿ ಎಲ್ಲಕ್ಕೂ ಒಂದೇ ಚಿಕಿತ್ಸೆಯನ್ನು ಮಾಡಿದರೆ, ಪಾಚಿ ಉಳಿದು ಹವಳವೇ ಅಳಿಯುವುದುಂಟು. ಆದುದರಿಂದ ಹೆಸರಿನ ವಿವೇಕವನ್ನು ಮೊದಲು ಮಾಡಿ, ನಿವಾರಣೆಯ ಕ್ರಮವನ್ನು ಅನಂತರ ನಿರೂಪಿಸುವುದು ಈ ಲೇಖನದ ಉದ್ದೇಶ.

ಸಮಸ್ಯೆಯೇನೋ ಹೊಸದಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಮೀನನ್ನೂ ಜಲಸಸ್ಯವನ್ನೂ ಒಂದೇ ಪಾತ್ರೆಯಲ್ಲಿ ಬಾಳಿಸಿದ ಪ್ರಯೋಗವನ್ನು 1850ರಲ್ಲಿ ವಿವರಿಸಿದನು. ಎಲೆಗಳು ಕೊಳೆತು, ನೀರು ಕದಡಿ, ಗಾಜಿಗೆ ಹಸುರು ಲೋಳೆ ಕಟ್ಟಲು, ಅವನು ಬಸವನಹುಳುಗಳನ್ನು ಬಿಟ್ಟು ಅದನ್ನು ಮೇಯಿಸಿದನು. ಅವನದು ಸಿಹಿನೀರಿನ ಪಾತ್ರೆ. ಆದರೂ ಜೀವಿಯಿಂದಲೇ ಜೀವಿಯನ್ನು ಅಂಕೆಯಲ್ಲಿಡುವ ಆ ತತ್ತ್ವವು ಹವಳದ ತೊಟ್ಟಿಗೂ ಸಲ್ಲುತ್ತದೆ.

ಈಗ ಭೇದಗಳನ್ನು ನೋಡೋಣ. ಹಸುರು ನೂಲಿನಂಥದು ನಿಜವಾದ ಪಾಚಿ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಹುಟ್ಟಿದ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟಾಗಿಯೂ, ಮತ್ತೊಂದು ಬಗೆಯವು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವು ತೊಟ್ಟಿಗೆ ಪ್ರಾಣಾಧಾರ. ಕೊನೆಗೆ ಉಳಿಯುವ ನೈಟ್ರೇಟೂ ಆಹಾರದಿಂದ ಬರುವ ಫಾಸ್ಫೇಟೂ ಈ ಪಾಚಿಗೆ ಗೊಬ್ಬರ. ಹೊಸ ತೊಟ್ಟಿಯಲ್ಲಿ ಕವಿಯುವ ಕಂದು ಧೂಳು ಬಹುಮಟ್ಟಿಗೆ ಡಯಾಟಮ್ ಎಂಬ ಸೂಕ್ಷ್ಮಜೀವಿಗಳದು. ಅವು ಸಿಲಿಕದಿಂದ ಕವಚ ಕಟ್ಟಿಕೊಳ್ಳುತ್ತವೆ. ನೀರಿನ ಸಿಲಿಕ ತೀರಿದಂತೆ ಈ ಧೂಳು ಸಾಮಾನ್ಯವಾಗಿ ತಾನಾಗಿಯೇ ಅಡಗುತ್ತದೆ.

ಕೆಂಪು ಲೋಳೆಯಾದರೋ ಪಾಚಿಯೇ ಅಲ್ಲ; ಅದು ಸಯನೊಬ್ಯಾಕ್ಟೀರಿಯ. ಸಸ್ಯದಂತೆ ಬೆಳಕಿನಿಂದ ಆಹಾರವನ್ನು ಸಿದ್ಧಪಡಿಸಿಕೊಂಡರೂ ಇದರ ಕಣದಲ್ಲಿ ನ್ಯೂಕ್ಲಿಯಸ್ಸಿಲ್ಲ. ಇದರ ಕೆಲವು ಜಾತಿಗಳು ನೀರಿನಲ್ಲಿ ಕರಗಿರುವ ಸಾರಜನಕ ವಾಯುವನ್ನೇ ಹಿಡಿದು ಬಳಸಬಲ್ಲವು. ಆದಕಾರಣ ನೈಟ್ರೇಟನ್ನು ಇಳಿಸಿದ ಮಾತ್ರಕ್ಕೆ ಇದು ಸೋಲದು.

ನಾಲ್ಕನೆಯದು ಡೈನೊಫ್ಲಾಜೆಲೇಟ್. ಕಂದು ಲೋಳೆಯ ಎಳೆಗಳೂ ಅವುಗಳಲ್ಲಿ ಸಿಕ್ಕಿದ ಗುಳ್ಳೆಗಳೂ ಇದರ ಲಕ್ಷಣ. ಆಸ್ಟ್ರಿಯಾಪ್ಸಿಸ್ ಮೊದಲಾದ ಕೆಲವು ಜಾತಿಗಳು ವಿಷಕಾರಿಗಳು. ಮೇಯುವ ಬಸವನಹುಳುಗಳು ಸಾಯುವುದುಂಟು. ಹವಳದ ಅಂಗಾಂಶದಲ್ಲಿ ನೆಲಸಿ ಅದಕ್ಕೆ ಅನ್ನವಿಕ್ಕುವ ಜೀವಿಯೂ ಇದೇ ವರ್ಗದ್ದೆಂಬುದು ಗಮನಾರ್ಹ: ಪೋಷಕನೂ ಬಾಧಕನೂ ಒಂದೇ ಕುಲದವರು. ನೈಟ್ರೇಟು ಫಾಸ್ಫೇಟುಗಳು ಶೂನ್ಯಕ್ಕಿಳಿದ, ಅತಿನಿರ್ಮಲವಾದ ತೊಟ್ಟಿಯಲ್ಲಿಯೇ ಇದರ ಉಪದ್ರವ ಹೆಚ್ಚಾಗಿ ಕಾಣುತ್ತದೆ. ಇದನ್ನು ಹಸುರು ಪಾಚಿಯೆಂದು ಬಗೆದು ನೀರನ್ನು ಮತ್ತಷ್ಟು ಶುದ್ಧಿಗೊಳಿಸುವವನು ರೋಗವನ್ನೇ ಪೋಷಿಸಿದಂತಾಗುವುದು. ಆದುದರಿಂದ ಔಷಧಕ್ಕೆ ಮುನ್ನ ಒಂದು ತೊಟ್ಟು ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡತಕ್ಕದ್ದು. ಸಯನೊಬ್ಯಾಕ್ಟೀರಿಯ ನೂಲುನೂಲಾಗಿ ಕಾಣುತ್ತದೆ. ಡೈನೊಫ್ಲಾಜೆಲೇಟುಗಳು ಬಿಡಿಬಿಡಿಯಾಗಿ ಚಲಿಸುವ ಕಣಗಳಾಗಿ ಕಾಣುತ್ತವೆ.

ಇನ್ನು ನಿವಾರಣೆ. ಹಸುರು ಪಾಚಿಯನ್ನು ಕೈಯಿಂದ ಕಿತ್ತು ತೆಗೆಯಬೇಕು, ಆಹಾರವನ್ನು ಮಿತಗೊಳಿಸಬೇಕು, ನಲ್ಲಿಯ ನೀರನ್ನು ಬಿಟ್ಟು, ಲವಣಗಳನ್ನು ತೆಗೆದ ಶುದ್ಧಜಲದಲ್ಲಿ ಕಡಲುಪ್ಪಿನ ಮಿಶ್ರಣವನ್ನು ಕರಗಿಸಿ ಬಳಸಬೇಕು. ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರವು ಕೊಳೆಯನ್ನು ನೊರೆಯೊಡನೆ ಹೊರಹಾಕುತ್ತದೆ. ಟರ್ಬೊ, ಟ್ರೋಕಸ್ ಜಾತಿಯ ಕಡಲ ಬಸವನಹುಳುಗಳು ಉಳಿದುದನ್ನು ಮೇಯುತ್ತವೆ. ವಿನಿಗರನ್ನು ಅಲ್ಪಪ್ರಮಾಣದಲ್ಲಿ ಸೇರಿಸಿ, ನೈಟ್ರೇಟನ್ನು ಹೀರುವ ಬ್ಯಾಕ್ಟೀರಿಯಗಳನ್ನು ಬೆಳೆಸುವ ಕ್ರಮವೂ ಉಂಟು. ಪ್ರಮಾಣ ಮೀರಿದರೆ ಅವು ವಿಪರೀತ ಹೆಚ್ಚಿ, ನೀರು ಬೆಳ್ಳಗೆ ಕದಡಿ, ಆಮ್ಲಜನಕ ಕುಗ್ಗುತ್ತದೆ.

ಕೆಂಪು ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆದು, ನೀರು ನಿಶ್ಚಲವಾಗಿರುವ ಮೂಲೆಗಳಲ್ಲಿ ಪ್ರವಾಹವನ್ನು ಹೆಚ್ಚಿಸಬೇಕು. ಎರಿತ್ರೊಮೈಸಿನ್ ಎಂಬ ಔಷಧಕ್ಕೆ ಅದು ಬೇಗ ಮಣಿಯುವುದು ನಿಜ. ಆದರೆ ಸತ್ತ ಲೋಳೆ ಕೊಳೆಯುವಾಗ ಆಮ್ಲಜನಕವನ್ನು ನುಂಗಿ, ತಾನು ಹೀರಿದ್ದ ಗೊಬ್ಬರವನ್ನು ನೀರಿಗೆ ಮರಳಿಸುತ್ತದೆ. ಉಪಕಾರಿಯಾದ ಬ್ಯಾಕ್ಟೀರಿಯಗಳಿಗೂ ಹಾನಿ ತಟ್ಟುವ ಸಂಭವವಿದೆ. ಕಾರಣ ಉಳಿದಲ್ಲಿ ಕಾರ್ಯ ಮರುಕಳಿಸುವುದು ಸಹಜ. ಡೈನೊಫ್ಲಾಜೆಲೇಟಿಗಾದರೆ ಕ್ರಮ ವಿಲೋಮ: ನೈಟ್ರೇಟು ಫಾಸ್ಫೇಟುಗಳನ್ನು ಮೆಲ್ಲನೆ ಅಳತೆಗೆ ಸಿಗುವಷ್ಟು ಏರಿಸಿ, ಅದರೊಡನೆ ಸ್ಪರ್ಧಿಸುವ ಇತರ ಸೂಕ್ಷ್ಮಜೀವಿಗಳಿಗೆ ಎಡೆಮಾಡಿಕೊಡಬೇಕು.

ನಮ್ಮ ನಾಡಿನವರಿಗೆ ಒಂದು ಮಾತು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯು 2001ರಿಂದ ದೊರೆತಿದೆ. ಅವುಗಳನ್ನು ಕಿತ್ತು ತರುವುದು ಅಪರಾಧ. ಆದರೆ ತೊಟ್ಟಿ ಕಲಿಸುವ ಪಾಠ ಕಡಲಿಗೂ ಅನ್ವಯಿಸುತ್ತದೆ. ಕೊಳೆನೀರು ಹರಿದು ಗೊಬ್ಬರ ಹೆಚ್ಚಿದ, ಮೇಯುವ ಮೀನುಗಳು ಬರಿದಾದ ದಿಬ್ಬಗಳಲ್ಲಿ ಪಾಚಿಯು ಹವಳವನ್ನು ಮುಸುಕುತ್ತದೆ. ಅಲ್ಲಿ ಕೈಯಿಂದ ಕಿತ್ತು ಪೂರೈಸುವಂತಿಲ್ಲ. ಪಾಚಿಯು ಸೂಚನೆ ಮಾತ್ರ. ನೀರಿನ ಅಸಮತೆಯೇ ರೋಗವೆಂದು ತಿಳಿಯತಕ್ಕದ್ದು.