ಹಳೆಯ ಹಾರ್ಡ್ ಡಿಸ್ಕ್ ಗುಜರಿಗೆ ಹಾಕುವ ಮುನ್ನ: ಒಳಗೆ ಏನು ತಿರುಗುತ್ತದೆ?

ಕಂಗ್ಟಿ: ಗಡಿಯ ಈಚೆಗೂ ಆಚೆಗೂ ಪಹಣಿ ಎಂಬ ಮಾತು ಒಂದೇ. ಜಮೀನಿನ ಕಾಗದಗಳು ಕಂಪ್ಯೂಟರ್ ಸೇರಿದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಕಂಗ್ಟಿ ಇನ್ನೂ ಆಂಧ್ರಪ್ರದೇಶದ ಮೆದಕ್ ಜಿಲ್ಲೆಯಲ್ಲಿದ್ದಾಗ, 1998ರಲ್ಲಿ, ನೋಂದಣಿ ಕಚೇರಿಗಳಿಗೆ 'ಕಾರ್ಡ್' ಯೋಜನೆ ಬಂತು. ಬೀದರ್ ಸೇರಿದಂತೆ ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು.

ಸರ್ಕಾರದ ದಾಖಲೆಗೆ ಹಲವು ಪ್ರತಿಗಳಿರುತ್ತವೆ. ಆದರೆ ಅದೇ ಕಾಲದಲ್ಲಿ ಡಿಟಿಪಿ ಅಂಗಡಿಯಲ್ಲಿ ಟೈಪಾದ ಪಾಲುಪಟ್ಟಿ, ಮದುವೆ ಪತ್ರಿಕೆ, ಸ್ಟುಡಿಯೋದ ಫೋಟೋ? ಅವುಗಳ ಏಕೈಕ ಪ್ರತಿ ಮೂಲೆಯಲ್ಲಿ ಬಿದ್ದ ಹಾರ್ಡ್ ಡಿಸ್ಕಿನಲ್ಲೇ ಇರಬಹುದು. ಅಂಥ ಡಿಸ್ಕಿಗೆ ವಿದ್ಯುತ್ ಕೊಡುವ ಮುನ್ನ ಒಳಗಿನ ಸಂಗತಿ ತಿಳಿದಿರುವುದು ಒಳ್ಳೆಯದು.

ಒಳಗಿರುವುದು ಕನ್ನಡಿಯಂತೆ ಹೊಳೆಯುವ ತಟ್ಟೆಗಳು, ಅವುಗಳ ಮೇಲೆ ಕಾಂತೀಯ ಲೇಪ. ತೋಳಿನ ತುದಿಯಲ್ಲಿರುವ ಪುಟ್ಟ ತಲೆ, ಅಂದರೆ ಹೆಡ್, ಲೇಪದ ಸಣ್ಣ ಸಣ್ಣ ಭಾಗಗಳನ್ನು ಎರಡರಲ್ಲಿ ಒಂದು ದಿಕ್ಕಿಗೆ ಕಾಂತೀಕರಿಸಿ ಬರೆಯುತ್ತದೆ, ದಿಕ್ಕು ಬದಲಾಗುವ ಜಾಗಗಳನ್ನು ಗುರುತಿಸಿ ಓದುತ್ತದೆ. ಗ್ರಾಮಫೋನ್ ಮುಳ್ಳಿನಂತೆ ತಟ್ಟೆಯನ್ನು ತಾಗುವುದಿಲ್ಲ. ತಿರುಗುವ ತಟ್ಟೆ ಎಳೆದು ತರುವ ಗಾಳಿಯ ಮೇಲೆ ತೇಲುತ್ತದೆ. 1980ರ ದಶಕದ ಐದೂಕಾಲು ಇಂಚಿನ ಡಿಸ್ಕುಗಳು ನಿಮಿಷಕ್ಕೆ 3600 ಸುತ್ತು ತಿರುಗುತ್ತಿದ್ದವು. ಲೆಕ್ಕ ಹಾಕಿದರೆ ತಟ್ಟೆಯ ಅಂಚು ಗಂಟೆಗೆ 80 ಕಿ.ಮೀ. ಮೀರಿ ಓಡುತ್ತದೆ, ನಾರಾಯಣಖೇಡದಿಂದ ಬೀದರಿಗೆ ಹೋಗುವ ಬಸ್ಸಿಗೂ ಅಷ್ಟು ಅವಸರವಿಲ್ಲ! ತಲೆಗೂ ತಟ್ಟೆಗೂ ನಡುವಿನ ಅಂತರ ಒಂದು ಮೈಕ್ರಾನಿಗಿಂತ ಕಡಿಮೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಹಾಗಾಗಿ 'ಸ್ವಲ್ಪ ಬಿಚ್ಚಿ ನೋಡೋಣ' ಎಂದು ಮುಚ್ಚಳ ತೆಗೆದರೆ ಜೋಳದ ರಾಶಿಯ ಕಾಲದ ಒಂದು ಧೂಳಿನ ಕಣ ಸಾಕು, ಕಥೆ ಮುಗಿಯಿತು.

ಆ ಕಾಲದ ಸೀಗೇಟ್ ಎಸ್‌ಟಿ-225 ಡಿಸ್ಕಿನ ಸಾಮರ್ಥ್ಯ ಬರೀ 20 ಎಂಬಿ. ಅದರಲ್ಲಿ ತೋಳನ್ನು ಸರಿಸುವುದು ಸ್ಟೆಪ್ಪರ್ ಮೋಟಾರ್. ಎಣಿಸಿದಷ್ಟು ಹೆಜ್ಜೆ ಹಾಕುತ್ತದೆ, ಸರಿಯಾದ ಸಾಲಿನ ಮೇಲೆ ನಿಂತಿದ್ದೇನೆಯೇ ಎಂದು ನೋಡಿಕೊಳ್ಳುವುದಿಲ್ಲ. ಲೋಹ ಬಿಸಿಗೆ ಹಿಗ್ಗುತ್ತದೆ. ಆದ್ದರಿಂದ ಡಿಸ್ಕ್ ಬಿಸಿಯಾಗಿದ್ದಾಗ ಬರೆದದ್ದು ತಣ್ಣಗಿದ್ದಾಗ ಸಿಗದೇ ಹೋಗಬಹುದು. ಇಂಥ ಡಿಸ್ಕನ್ನು ಅರ್ಧ ಗಂಟೆ ತಿರುಗಲು ಬಿಟ್ಟು ಆಮೇಲೆ ಓದಿಸುವುದು ಲೇಸು. ನಂತರ ಬಂದ ವಾಯ್ಸ್ ಕಾಯಿಲ್ ಡಿಸ್ಕುಗಳಲ್ಲಿ ತಟ್ಟೆಯ ಮೇಲೇ ದಾರಿ ಗುರುತುಗಳಿರುತ್ತವೆ. ತಲೆ ಅವನ್ನು ಓದುತ್ತಾ ತನ್ನ ಸ್ಥಾನ ತಿದ್ದಿಕೊಳ್ಳುತ್ತದೆ.

ಇನ್ನೊಂದು ಮಾತು. ಆ 20 ಎಂಬಿ ಡಿಸ್ಕಿನ ಜೊತೆಗಿದ್ದ ಕಂಟ್ರೋಲರ್ ಕಾರ್ಡನ್ನು ಎಸೆಯಬಾರದು. ಬೇರೆ ಬೇರೆ ಕಾರ್ಡುಗಳು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತಿದ್ದವು, ಇನ್ನೊಂದು ಕಾರ್ಡಿಗೆ ಅದು ಅರ್ಥವಾಗದಿರಬಹುದು.

ನಮ್ಮ ಭಾಗದಲ್ಲಿ ಹೆಚ್ಚಾಗಿ ಸಿಗುವುದು 1990ರ ದಶಕದ ನಂತರದ ಐಡಿಇ ಡಿಸ್ಕುಗಳು, 40 ಪಿನ್ನಿನವು. ಇವನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಇಂದಿನ ಕಂಪ್ಯೂಟರಿಗೆ ಜೋಡಿಸಬಹುದು. ಆದರೆ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ವಿದ್ಯುತ್ ಬೇಕು. ವೋಲ್ಟೇಜ್ ಏರಿಳಿತ ಇರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ದಡ್ಡತನ.

ವರ್ಷಗಟ್ಟಲೆ ನಿಂತ ಡಿಸ್ಕಿನಲ್ಲಿ ತಲೆ ತಟ್ಟೆಗೆ ಅಂಟಿಕೊಂಡು ಮೋಟಾರ್ ತಿರುಗದೇ ಇರಬಹುದು. ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬಂದರೆ ತಲೆಗೆ ದಾರಿ ಸಿಗುತ್ತಿಲ್ಲ ಎಂದರ್ಥ. ಆಗ ತಕ್ಷಣ ವಿದ್ಯುತ್ ತೆಗೆದು ಪರಿಣತರ ಬಳಿ ಒಯ್ಯಬೇಕು. ಪದೇ ಪದೇ ಹಚ್ಚಿ ನೋಡಿದಷ್ಟೂ ಲೇಪ ಕೆರೆದುಹೋಗುವ ಭಯ.

ಡಿಸ್ಕ್ ಸರಿಯಾಗಿ ತಿರುಗಿದರೆ ಫೈಲುಗಳನ್ನು ಒಂದೊಂದೇ ತೆರೆಯುತ್ತಾ ಕೂರಬಾರದು. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಯಬೇಕು. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಕೈ ಹಾಕುತ್ತದೆ.

ಪ್ರತಿ ಸಿಕ್ಕ ಮೇಲೆ ಫೈಲ್ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನು ಕೂರಿಸಿದ್ದವು. ಅದೇ ಫಾಂಟ್ ಹಾಕಿದರೆ ಅಥವಾ ಯೂನಿಕೋಡಿಗೆ ಪರಿವರ್ತಿಸಿದರೆ ಅಕ್ಷರಗಳು ಮರಳಿ ಕಾಣುತ್ತವೆ.