ನಿಮಗಿದು ಗೊತ್ತೇ? ಗೋಷ್ಠಿಯೊಳಗೊಂದು ಕೊಟ್ಟಿಗೆ ಇದೆ!

ಭಾನುವಾರ ಯಾವಾಗಲಾದರೂ ಸುಂಟಿಕೊಪ್ಪದಲ್ಲಿ ಇಳಿದಿದ್ದೀರಾ? ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ, ಹೆದ್ದಾರಿಗೆ ಅಂಟಿಕೊಂಡ ಊರು. ಅವತ್ತು ಅಲ್ಲಿ ಸಂತೆ. ಕಾಫಿ ತೋಟಗಳ ಲೈನ್‌ಮನೆಗಳಿಂದ ಜನ ಚೀಲ ಹಿಡಿದು ಬರುತ್ತಾರೆ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಬ್ಯಾರಿ, ಮಲಯಾಳ, ತಮಿಳು, ಎಲ್ಲವೂ ಒಂದೇ ಟೊಮೆಟೊ ರಾಶಿಯ ಮುಂದೆ ಕೇಳಿಸುತ್ತವೆ! ಇಷ್ಟೊಂದು ಭಾಷೆ ಇರುವಲ್ಲಿ ಜನ ಸೇರುವುದಕ್ಕೆ ಹೆಸರುಗಳೂ ಬೇಕಾದಷ್ಟು. ಒಂದೊಂದನ್ನೇ ಬಿಡಿಸಿ ನೋಡಿ, ಒಳಗಿರುವುದೇ ಬೇರೆ.

ಸಂತೆಯಿಂದಲೇ ಶುರು ಮಾಡೋಣ. ಕೊಡಗಿನಲ್ಲಿ ಸಂತೆಯ ದಿನವೇ ಊರಿನ ಹೆಸರಾಗಿ ಕೂತಿದೆ. ಶನಿವಾರಸಂತೆ ಇದೆ. ಪಕ್ಕದಲ್ಲೇ ಸೋಮವಾರಪೇಟೆ. ಬಸ್ಸಿನ ಬೋರ್ಡು ಓದಿದರೆ ವಾರ ಗೊತ್ತಾಗುತ್ತದೆ!

ಸಂತೆಯ ಎದುರುಪದ ಯಾವುದು ಹೇಳಿ? ಹರತಾಳ! ಗುಜರಾತಿ ಕಡೆಯಿಂದ ಬಂದ ಮಾತು. ಅದರಲ್ಲಿ ಅಂಗಡಿಯೂ ಇದೆ, ಬೀಗವೂ ಇದೆ. ಅಂಗಡಿಗೆ ಬೀಗ ಜಡಿದರೆ ಹರತಾಳ.

ಜಾತ್ರೆಗೆ ಹೋಗಿ ನೀವು ನಿಲ್ಲುತ್ತೀರಿ, ತಿನ್ನುತ್ತೀರಿ, ತೇರು ನೋಡುತ್ತೀರಿ. ಆದರೆ ಆ ಪದ ಮಾತ್ರ ಇನ್ನೂ ನಡೆಯುತ್ತಲೇ ಇದೆ. ಜಾತ್ರೆ ಎಂದರೆ ಯಾತ್ರೆ! ಯೋಗಿ ಜೋಗಿಯಾದ ಹಾಗೆ ಯಾತ್ರೆ ಜಾತ್ರೆಯಾಯಿತು. ತುಲಾ ಸಂಕ್ರಮಣಕ್ಕೆ ತಲಕಾವೇರಿ ಬೆಟ್ಟ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಕೇಳಿ, ನನಗೆ ತೀರಾ ಇಷ್ಟವಾದದ್ದು. ಬೆಂಗಳೂರಿನ ವಿಧಾನ ಪರಿಷತ್ತಿಗೂ ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಏನು ಸಂಬಂಧ? ರಕ್ತಸಂಬಂಧ! ಪರಿಷತ್ತೇ ಜನರ ಬಾಯಲ್ಲಿ ನುಣುಪಾಗಿ ಪರಿಷೆಯಾಯಿತು. ಒಂದು ಕಡೆ ಮಸೂದೆ, ಇನ್ನೊಂದು ಕಡೆ ಕಡಲೆಕಾಯಿ. ಪದ ಒಂದೇ!

ಪರಿಷತ್ತು ಅಂದರೆ ಸುತ್ತಲೂ ಕೂರುವುದು. ಸಂಸತ್ತು ಅಂದರೆ ಒಟ್ಟಿಗೆ ಕೂರುವುದು. ಉಪನಿಷತ್ತು ಅಂದರೆ ಹತ್ತಿರ ಕೂರುವುದು. ಸದನ ಕೂರುವ ಜಾಗ, ಅಲ್ಲಿ ಕೂರುವವನು ಸದಸ್ಯ. ಎಲ್ಲವೂ ಕೂರುವುದೇ! ಹಿಂದಿಯ ಬೈಠಕ್ ಕೂಡ ಕೂರುವುದು. ಅರಬ್ಬಿಯಿಂದ ಬಂದ ಜಲ್ಸಾ, ಮಜಲಿಸ್ ಎರಡೂ ಕೂರುವ ಮಾತಿನಿಂದಲೇ ಹುಟ್ಟಿದವು. ನಮ್ಮ ಕೂಟ ಮಾತ್ರ ‘ಕೂಡು’ ಎಂಬುದರಿಂದ ಬಂದದ್ದು. ನಿಂತುಕೊಂಡೇ ಸೇರಿದರೂ ಆದೀತು!

ಈಗ ಕೊಟ್ಟಿಗೆಗೆ ಬನ್ನಿ. ಕವಿಗೋಷ್ಠಿ, ವಿಚಾರಗೋಷ್ಠಿ, ಪತ್ರಿಕಾಗೋಷ್ಠಿ ಎನ್ನುತ್ತೇವಲ್ಲ, ಆ ಗೋಷ್ಠಿಯ ಮೂಲ ಗೋಷ್ಠ. ಗೋವು ನಿಲ್ಲುವ ಜಾಗ. ಅಂದರೆ ದನದ ಕೊಟ್ಟಿಗೆ! ದನಗಳು ಸೇರುವಲ್ಲಿ ದನ ಕಾಯುವವರೂ ಸೇರಿದರು, ಮಾತು ಬೆಳೆಯಿತು, ಕೊನೆಗೆ ಮೈಕೂ ಬಂತು.

ಇದು ಸಂಸ್ಕೃತದ ವಿಚಿತ್ರ ಮಾತ್ರ ಅಂದುಕೊಂಡಿರಾ? ಕೊಡಗಿನ ‘ಮಂದ್’ ನೋಡಿ. ಊರಿನವರು ಸೇರುವ ಹಸಿರು ಬಯಲು ಅದು. ಪುತ್ತರಿ ಹಬ್ಬಕ್ಕೆ ಹೊಸ ಭತ್ತದ ಕದಿರು ಮನೆಗೆ ಬಂದ ಮೇಲೆ ಅಲ್ಲೇ ಕೋಲಾಟ. ಊರಿಗೊಂದು ಮಂದ್, ನಾಡಿಗೊಂದು ಮಂದ್. ಈ ಮಂದ್‌ಗೆ ಕನ್ನಡದಲ್ಲಿ ಒಡಹುಟ್ಟಿದ ಪದ ಯಾವುದು ಗೊತ್ತೇ? ಮಂದೆ! ಕುರಿಮಂದೆಯ ಮಂದೆಯೇ. ತಮಿಳಿನ ಹಳೆಯ ಮಾತಂತೂ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದೆ: ‘ಮನ್ರು’ ಎಂದರೆ ಸಭಾಂಗಣವೂ ಹೌದು, ದನದ ದೊಡ್ಡಿಯೂ ಹೌದು. ಅಲ್ಲಿನ ಸಂಘಗಳ ಹೆಸರಿನ ತುದಿಯಲ್ಲಿ ಕಾಣುವ ‘ಮನ್ರಂ’ ಇದೇ ಮನೆಯದು. ಸಂಸ್ಕೃತದ ಗೋಷ್ಠಿ, ದ್ರಾವಿಡ ಮಂದ್. ಬೇರೆ ಬೇರೆ ದಾರಿ ಹಿಡಿದು ಬಂದ ಎರಡೂ ಹಟ್ಟಿಯ ಬಾಗಿಲಲ್ಲೇ ಭೇಟಿಯಾದವು!

ಗ್ರಾಮ ಪಂಚಾಯ್ತಿಯವರು ವರ್ಷಕ್ಕೊಮ್ಮೆ ಜನರ ಮುಂದೆ ಲೆಕ್ಕಪತ್ರ ಬಿಚ್ಚಿಡುವುದಕ್ಕೆ ಜಮಾಬಂದಿ ಎನ್ನುತ್ತಾರೆ. ಅದರ ‘ಜಮಾ’ ಅರಬ್ಬಿ, ಒಟ್ಟುಗೂಡಿಸು ಎಂದು. ಜಮಾ-ಖರ್ಚಿನ ಜಮಾ, ಶುಕ್ರವಾರದ ಜುಮಾ, ಜಮಾಅತ್, ‘ಜನ ಜಮಾಯಿಸಿದರು’ ಅನ್ನುವ ಪತ್ರಿಕೆಯ ಮಾತು, ಎಲ್ಲವೂ ಒಂದೇ ಬೇರಿನವು. ದುಡ್ಡೂ ಜಮಾ, ಜನವೂ ಜಮಾ!

ಗ್ರಾಮಸಭೆ ನಡೆಯಬೇಕಾದರೆ ಎಷ್ಟು ಜನ ಬೇಕು? ಕರ್ನಾಟಕದ ಕಾನೂನಿನ ಪ್ರಕಾರ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. ಅಷ್ಟು ಜನ ಬಾರದಿದ್ದರೆ ‘ಕೋರಂ ಇಲ್ಲ, ಸಭೆ ಮುಂದಕ್ಕೆ’ ಎಂದು ಎದ್ದುಬಿಡುತ್ತಾರೆ. ಆ ಕೋರಂ ಲ್ಯಾಟಿನ್ ಪದ. ಅರ್ಥವೇನು ಗೊತ್ತೇ? ‘ಯಾರ’! ಬರೀ ಅಷ್ಟೇ. ಹಳೆಯ ಲ್ಯಾಟಿನ್ ಆದೇಶವೊಂದರಿಂದ ಒಂದು ಪದ ಕಳಚಿ ಬಂದು ನಮ್ಮ ಹಳ್ಳಿಯ ಸಭೆಯಲ್ಲಿ ನಿಂತಿದೆ.

ಉರೂಸ್ ಎಂದರೆ ಮದುವೆ! ಹೌದು, ಅರಬ್ಬಿಯ ‘ಉರ್ಸ್’ ಮದುವೆಯೇ. ಸೂಫಿ ಸಂತರು ತೀರಿಕೊಂಡ ದಿನವನ್ನು ದೇವರೊಡನೆ ಕೂಡಿದ ದಿನವೆಂದು ನೆನೆಯುತ್ತಾರೆ. ಕೊಡಗಿನ ಎಮ್ಮೆಮಾಡಿನಲ್ಲಿ ಉರೂಸಿಗೆ ಸೇರುವ ಜನಸಾಗರವೆಲ್ಲ, ಪದದ ಲೆಕ್ಕದಲ್ಲಿ, ದಿಬ್ಬಣ!

ಸಾಹಿತ್ಯ ಸಮ್ಮೇಳನ ಮಡಿಕೇರಿಗೆ 1932ರಲ್ಲೇ ಬಂದಿತ್ತು, ಅಧ್ಯಕ್ಷರು ಡಿ.ವಿ.ಜಿ. 2014ರಲ್ಲಿ 80ನೆಯ ಸಮ್ಮೇಳನವೂ ಅಲ್ಲೇ, ಆಗ ನಾ. ಡಿಸೋಜ ಅಧ್ಯಕ್ಷರು. ಸಮ್ಮೇಳನದೊಳಗೆ ಅಡಗಿರುವುದು ಮೇಳ. ಯಕ್ಷಗಾನದ ಮೇಳ, ಭಾಗವತರ ಹಿಮ್ಮೇಳ, ಎಲ್ಲ ಅದೇ ಮೇಳ.

ಮಡಿಕೇರಿಯಲ್ಲಿ ಸೇರಿದ್ದು ಸಮ್ಮೇಳನವೊಂದೇ ಅಲ್ಲ. ಅದು ಒಂದು ರಾಜ್ಯದ ರಾಜಧಾನಿಯೂ ಆಗಿತ್ತು, ಗೊತ್ತೇ? 1952ರಿಂದ 1956ರವರೆಗೆ ಕೊಡಗಿಗೆ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಸದಸ್ಯರು 24. ಇವತ್ತು ಇಡೀ ಕೊಡಗಿನಿಂದ ವಿಧಾನಸಭೆಗೆ ಹೋಗುವವರು ಇಬ್ಬರು!

ಇನ್ನು ಕೊಡವ ತಕ್ಕ್‌ನ ‘ನಮ್ಮೆ’. ಹಬ್ಬ ಎಂದರ್ಥ. ಊರ ದೇವರಿಗೆ ನಮ್ಮೆ, ಸುಗ್ಗಿಗೆ ನಮ್ಮೆ, ಹಾಕಿಗೂ ನಮ್ಮೆ! 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. ಆಡುವುದು ಕ್ಲಬ್ಬಿನ ಹೆಸರಲ್ಲಲ್ಲ, ಮನೆತನದ ಹೆಸರಲ್ಲಿ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಇಳಿಯಬಹುದು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಮ್ಮೆ ನಡೆಸಿದಾಗ ಎಷ್ಟು ತಂಡ ಬಂದಿದ್ದವು, ಊಹಿಸಿ. 360!